ಪಟ್ಟಿಯಲ್ಲಿಲ್ಲದ ಕ್ಷೌರಿಕ

ಶನಿವಾರ ಬೆಳಿಗ್ಗೆ ಬರಾವುವಿನ ಮನೆಯಲ್ಲಿ ಮೊಮ್ಮಗ ಹುಟ್ಟಿದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಲಂಟಾನಾ ಹೆಚ್ಚು ಕಷ್ಟಪಡದೆ ಹೆತ್ತಳು. ಏಳು ದಿನ ತುಂಬಿದ ಮೇಲೆ, ಅಂದರೆ ಮುಂದಿನ ಶನಿವಾರ, ನಾಮಕರಣ. ಅಂದು ಮಗುವಿನ ಹುಟ್ಟುಗೂದಲು ತೆಗೆಯಬೇಕಾದವನು ಅಜ್ಜನೇ. ದೊರಾವಾ ಊರಿಗೆಲ್ಲ ಅವನೇ ವನ್ಜಾಮಿ.

ವನ್ಜಾಮಿ ಎಂದರೆ ಬರೀ ತಲೆ ಬೋಳಿಸುವವನಲ್ಲ. ಮುಂಜಿ ಮಾಡುವವನೂ ಅವನೇ, ಕೂಸಿನ ಕಿರುನಾಲಿಗೆ ಕತ್ತರಿಸುವವನೂ ಅವನೇ, ಕೆನ್ನೆಗೆ ಮನೆತನದ ಗೀರು ಹಾಕುವವನೂ ಅವನೇ, ಬೆನ್ನಿಗೆ ಕೊಂಬು ಕೂರಿಸಿ ಕೆಟ್ಟ ರಕ್ತ ಎಳೆಯುವವನೂ ಅವನೇ. ಬರಾವುವಿನ ತೊಗಲುಚೀಲದಲ್ಲಿ ಐದು ಕತ್ತಿಗಳಿದ್ದವು, ಎರಡು ಅವನಪ್ಪನ ಕಾಲದವು. ಮೂವತ್ತೆಂಟು ವರ್ಷದಿಂದ ದೊರಾವಾದಲ್ಲಿ ಹುಟ್ಟಿದವರ ತಲೆಯೆಲ್ಲ ಅವನ ಕೈಯಲ್ಲಿ ಹಾದುಹೋಗಿತ್ತು. ಸಂತೆಗೆ ಹೋದರೆ ಎದುರಿಗೆ ಬಂದ ಮುಖದ ಗೀರು ನೋಡಿ, ಇದು ನನ್ನ ಕೈಯದು ಎಂದು ಅವನು ಗುರುತು ಹಿಡಿಯುತ್ತಿದ್ದ.

ಅವನದೊಂದು ಪದ್ಧತಿ ಇತ್ತು, ಅಪ್ಪ ಕಲಿಸಿದ್ದು. ಸಾಣೆ ಹಿಡಿದ ಕತ್ತಿಯನ್ನು ಮಗುವಿನ ತಲೆಗೆ ಮುಟ್ಟಿಸುವ ಮೊದಲು, ಮಗುವಿನ ತಂದೆಯ ಕಣ್ಣೆದುರಿಗೇ ತನ್ನ ಎಡ ಮುಂಗೈ ಮೇಲೆ ಒಮ್ಮೆ ಎಳೆಯುವುದು. ರೋಮ ನುಣ್ಣಗೆ ಬಂದರೆ ಕತ್ತಿ ಸರಿಯಿದೆ, ಕೂಸಿಗೆ ನೋಯುವುದಿಲ್ಲ. "ನೋಡಿ, ಮೊದಲು ನನಗೇ" ಎನ್ನುತ್ತಿದ್ದ. ಎಷ್ಟೋ ಸಲ ಒಂದು ಹನಿ ರಕ್ತ ಮೂಡುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿ, ಕತ್ತಿಯನ್ನು ಬಟ್ಟೆಗೆ ಒರೆಸಿ, ಮಗುವಿನ ಕಡೆ ಬಾಗುತ್ತಿದ್ದ. ಬೇರೆ ಊರಿನ ವನ್ಜಾಮಿಗಳು ಹಾಗೆ ಮಾಡುತ್ತಿರಲಿಲ್ಲ. ಬರಾವು ಮಾಡುತ್ತಾನೆ ಎಂದೇ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅದು ಅವನ ಹೆಮ್ಮೆಯಾಗಿತ್ತು.

ಎಂಟು ತಿಂಗಳ ಹಿಂದೆ ಪಕ್ಕದೂರಿನ ವನ್ಜಾಮಿ ಗಂಬೋ ಸತ್ತ. ಬರಾವುವಿಗೆ ಜೊತೆಗಾರ, ಜೊತೆಯಲ್ಲೇ ಕಸುಬು ಕಲಿತವನು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಕೊನೆಗೆ ಒಂದು ಗುಟುಕು ಸಜ್ಜೆ ಗಂಜಿಯೂ ಇಳಿಯದೆ ಹೋದ. ಲಿವರಿನ ರೋಗ, ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು, ಕತ್ತಿ ಹಿಡಿಯುವವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಬರಾವು ತಲೆಯಾಡಿಸಿ ಬಂದಿದ್ದ. ಇವತ್ತು, ನಾಳೆ ಎನ್ನುತ್ತ ಎಂಟು ತಿಂಗಳು ಕಳೆದಿತ್ತು. ತಿಳಿದುಕೊಂಡು ಮಾಡುವುದೇನು ಎಂಬುದು ಒಂದು, ತಿಳಿದರೆ ಗತಿಯೇನು ಎಂಬುದು ಇನ್ನೊಂದು. ಅವನನ್ನು ಬಯ್ಯುವುದು ಸುಲಭ. ಬಯ್ಯುವವರು ಯಾರೂ ಮೂವತ್ತೆಂಟು ವರ್ಷ ಕತ್ತಿ ಹಿಡಿದಿಲ್ಲ.

ಆದರೆ ಭಾನುವಾರ ಮೊಮ್ಮಗನ ತಲೆಯನ್ನು ಅಂಗೈಯಲ್ಲಿ ಹಿಡಿದು ಕೂತಾಗ, ನೆತ್ತಿಯ ಮೆತ್ತನೆಯ ಜಾಗ ಎದ್ದುಬೀಳುವುದನ್ನು ಕಂಡು ಅವನಿಗೆ ಡಾಕ್ಟರ ಮಾತು ನೆನಪಾಯಿತು. ತನಗೆ ಆ ರೋಗವಿದ್ದರೆ ಈ ತಲೆಯನ್ನು ತಾನು ಮುಟ್ಟಬಾರದು. ಇಲ್ಲದಿದ್ದರೆ ಮುಟ್ಟಬಹುದು. ಶನಿವಾರದೊಳಗೆ ತಿಳಿಯಬೇಕು.

"ಅದೇನು ಕಲ್ಲಂಗಡಿ ಅಂದ್ಕೊಂಡ್ಯಾ? ಹಿಡ್ಕೊಂಡು ಹಿಡ್ಕೊಂಡು ನೋಡ್ತಿದೀಯಾ" ಎಂದಳು ತಬಾವಾ.

ತಬಾವಾ ಅವನ ಸೋದರತ್ತೆಯ ಮಗಳು, ಅವನಿಗಿಂತ ಐದು ವರ್ಷ ದೊಡ್ಡವಳು, ಊರಿನ ಸೂಲಗಿತ್ತಿ. ಲಂಟಾನಾಳ ಹೆರಿಗೆ ಮಾಡಿಸಿದವಳೂ ಅವಳೇ, ಈಗ ಬೇವಿನೆಲೆಯ ಬಿಸಿನೀರು ಎರೆಯುತ್ತಿದ್ದವಳೂ ಅವಳೇ. ಸೋದರತ್ತೆಯ ಮಗಳಿಗೆ ಅವನ ಕಾಲೆಳೆಯುವ ಹಕ್ಕು ಹುಟ್ಟಿನಿಂದ ಬಂದಿತ್ತು. ಅದನ್ನು ಅವಳು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

"ಗಂಬೋ ಸತ್ತಾಗ ಡಾಕ್ಟರು ಹೇಳಿದ್ದು ನೆನಪಿದೆಯಾ ತಬಾವಾ?"

"ನೆನಪಿಲ್ದೆ ಏನು?"

"ಕತ್ತಿ ಹಿಡಿಯೋರೆಲ್ಲ ಅಂದಿದ್ರು."

ತಬಾವಾ ಕೈ ಒರೆಸಿಕೊಂಡು ಅವನ ಮುಖ ನೋಡಿದಳು. "ನಾನೂ ಬ್ಲೇಡು ಹಿಡಿಯೋಳೇ ಕಣೋ. ಎಷ್ಟು ಹೊಕ್ಕುಳಬಳ್ಳಿ ಕತ್ತರಿಸಿದೀನಿ, ಮೊಣಕೈವರೆಗೂ ರಕ್ತ. ನಡಿ, ಇಬ್ರೂ ಹೋಗೋಣ. ನಿನ್ನೊಬ್ಬನ್ನೇ ಕಳಿಸಿದ್ರೆ ಅರ್ಧ ದಾರೀಲಿ ತಿರುಗಿ ಬರ್ತೀಯಾ, ಹೇಡಿ ನೀನು."

ಸೋಮವಾರ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೊರಟರು. ಮರುಭೂಮಿಯ ಗಾಳಿ ಬೀಸುವ ಕಾಲ, ದೂಳು ಮುಸುಕಿ ಎದುರಿನ ಮರವೂ ಕಾಣದು. ಬಾಡಿಗೆ ಬೈಕಿನವನು ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಗುಂಡಿಗಳ ಮೇಲೆಯೇ ಓಡಿಸಿದ. ಆಸ್ಪತ್ರೆ ಎಂದರೆ ಮೂರು ಕೋಣೆ, ಒಂದು ಬೇವಿನ ಮರ. ಡಾಕ್ಟರು ಬಾರದೆ ಯಾವ ಕಾಲವಾಯಿತೋ. ಇದ್ದವಳು ನರ್ಸ್ ಲಾದಿದಿ ಒಬ್ಬಳೇ, ನಲವತ್ತರ ಹೆಂಗಸು. ಎಲ್ಲ ಕೆಲಸವೂ ಅವಳ ಮೇಲೆಯೇ ಬಿದ್ದು ಕಣ್ಣ ಕೆಳಗೆ ಕಪ್ಪಾಗಿತ್ತು.

"ಆ ಪರೀಕ್ಷೆ ಕಿಟ್ಟು ಬರೋದು ಬಸುರಿಯರಿಗೆ ಮಾತ್ರ ಮಾಲಮ್" ಎಂದಳು. ಹಿರಿಯ ಗಂಡಸನ್ನು ಆ ಸೀಮೆಯಲ್ಲಿ ಹಾಗೆಯೇ ಕರೆಯುವುದು. "ಅದೂ ಮುಗಿದುಹೋಗಿದೆ."

ಗೋಡೆಯ ಮೇಲೊಂದು ಬಣ್ಣದ ಚಿತ್ರ ಅಂಟಿಸಿದ್ದರು. ಟೊಪ್ಪಿ ಹಾಕಿದ ಗಡ್ಡದ ಮುದುಕನೊಬ್ಬ ಕತ್ತಿ ಹಿಡಿದು ಮಗುವಿನ ತಲೆ ಬೋಳಿಸುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ, ಇವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದಿತ್ತು.

"ತಾಯಿ, ಇದು ನಾನಲ್ವಾ?" ಎಂದ ಬರಾವು.

ಲಾದಿದಿ ಚಿತ್ರವನ್ನು ಅದೇ ಮೊದಲು ನೋಡುವವಳ ಹಾಗೆ ನೋಡಿದಳು. "ನೀವೇ. ಚಿತ್ರ ಕಳಿಸಿದಾರೆ, ನಿಮ್ಮ ಪಾಲಿನ ಕಿಟ್ಟು ಕಳಿಸಿಲ್ಲ."

"ಪೇಟೆ ಲ್ಯಾಬಿನವನು?"

"ಬಾಗಿಲು ಹಾಕ್ಕೊಂಡು ಊರಿಗೆ ಹೋದ. ಒಂದು ತಿಂಗಳು ಬರಲ್ಲ. ಗುರುವಾರ ಬನ್ನಿ. ಅವತ್ತು ಬಸುರಿಯರ ದಿನ, ಹೊಸ ಕಿಟ್ಟು ಬರಬೇಕು. ಏನಾದ್ರೂ ಮಿಕ್ಕಿದ್ರೆ ನೋಡೋಣ."

ಗುರುವಾರ ಬೇವಿನ ಮರದ ಕೆಳಗೆ ಹದಿನಾಲ್ಕು ಜನ ಬಸುರಿಯರು, ಅವರ ಕೊನೆಯಲ್ಲಿ ಬೆಂಚಿನ ತುದಿಗೆ ಅಂಟಿಕೊಂಡು ಒಬ್ಬ ಗಡ್ಡದ ಗಂಡಸು. ಬರಾವು ನೆಲ ನೋಡುತ್ತಲೇ ಕೂತ. ಹೆಂಗಸರಿಗೆ ಅವನು ಗೊತ್ತು. ಅರ್ಧಕ್ಕರ್ಧ ಮಂದಿಯ ಕೆನ್ನೆಯ ಗೀರು ಅವನದೇ. ಸ್ವಲ್ಪ ಹೊತ್ತು ಸೆರಗಿನೊಳಗೇ ನಕ್ಕರು. ಆಮೇಲೆ ಒಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಮಗೆಷ್ಟು ತಿಂಗಳು ಬಾಬಾ?"

"ಅರವತ್ತು ವರ್ಷದಿಂದ ಹೊತ್ಕೊಂಡೇ ತಿರುಗ್ತಿದಾನಮ್ಮ" ಎಂದಳು ತಬಾವಾ. "ನಾನೂ ಕಾದೂ ಕಾದೂ ಸಾಕಾದೆ. ಹೆರಿಗೆನೇ ಆಗ್ತಿಲ್ಲ."

ಮರದ ಕೆಳಗೆ ನಗು ಹಬ್ಬಿತು. ಬರಾವುವಿಗೂ ನಗು ಬಂತು, ಆದರೆ ಅದು ಮುಖಕ್ಕೆ ಬರುವಷ್ಟರಲ್ಲಿ ಸುಸ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಬಂತು. ತೆರೆದು ನೋಡಿದರೆ ಹನ್ನೆರಡು ಕಿಟ್ಟು. ಮಿಕ್ಕುವುದು ಹಾಗಿರಲಿ, ಇಬ್ಬರು ಬಸುರಿಯರಿಗೇ ಇರಲಿಲ್ಲ. ಆ ಇಬ್ಬರೂ ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅದರಲ್ಲೊಬ್ಬಳು ಎರಡು ಗಂಟೆ ನಡೆದು ಬಂದವಳು. ಅವಳು ಒಂದು ಮಾತು ಬೈದಿದ್ದರೂ ಬರಾವುವಿಗೆ ಸಮಾಧಾನವಾಗುತ್ತಿತ್ತು.

"ನಾಳೆ ಲಾರಿ ನಿಲ್ದಾಣಕ್ಕೆ ಬೇರೆ ತಂಡ ಬರುತ್ತೆ ಮಾಲಮ್" ಎಂದಳು ಲಾದಿದಿ, ಖಾಲಿ ಪೆಟ್ಟಿಗೆ ಮಡಿಸುತ್ತ. "ಅವರ ಹತ್ರ ಕಿಟ್ಟು ಬೇಕಾದಷ್ಟಿರುತ್ತೆ. ಆದ್ರೆ ಅವರದೊಂದು ಪಟ್ಟಿ ಇದೆ. ಲಾರಿ ಡ್ರೈವರುಗಳು, ಸೂಜಿ ಚುಚ್ಕೊಳ್ಳೋ ಹುಡುಗರು, ಮತ್ತೆ..." ಎಂದು ತಬಾವಾಳ ವಯಸ್ಸು ನೋಡಿ ಮಾತು ನುಂಗಿದಳು.

"ಮತ್ತೆ ಮೈ ಮಾರೋ ಹೆಂಗಸರು" ಎಂದಳು ತಬಾವಾ. "ಹೇಳಮ್ಮ, ನಾಚಿಕೆ ಯಾಕೆ. ನನ್ನನ್ನ ಅದರಲ್ಲಿ ಬರೆಸ್ತೀನಿ. ಅರವತ್ತೈದಕ್ಕೆ ಅಷ್ಟಾದ್ರೂ ಹೆಸರು ಬರಲಿ. ಇವನನ್ನ ಯಾವುದರಲ್ಲಿ ಬರೆಸೋದು ಅನ್ನೋದೇ ಕಷ್ಟ."

ಶುಕ್ರವಾರ, ಮಧ್ಯಾಹ್ನದ ನಮಾಜಿಗೆ ಮೊದಲೇ ಮುಗಿಸೋಣವೆಂದು ಬೇಗ ಹೋದರು. ಲಾರಿ ನಿಲ್ದಾಣದ ಮೂಲೆಯಲ್ಲಿ ನೀಲಿ ಡೇರೆ, ಮಡಿಸುವ ಮೇಜು, ಮೇಜಿನ ಹಿಂದೆ ಕನ್ನಡಕದ ಯುವಕ. ಸಾಲು ಉದ್ದವಿತ್ತು. ಡ್ರೈವರುಗಳು ಹುರಿದ ಮಾಂಸದ ಕಡ್ಡಿ ಹಿಡಿದು ತಿನ್ನುತ್ತ, ಹಾರನ್ನು ಹೊಡೆಯುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಮುಂದೆ ಸರಿಯುತ್ತಿದ್ದರು. ಬರಾವುವಿನ ಸರದಿ ಬಂತು.

"ಕೆಲಸ?"

"ವನ್ಜಾಮಿ."

ಯುವಕ ಪುಸ್ತಕದ ಮೇಲೆ ಬೆರಳಾಡಿಸಿದ. "ಆ ಖಾನೆ ಇಲ್ಲ ಬಾಬಾ."

"ಆಸ್ಪತ್ರೆ ಗೋಡೆ ಮೇಲೆ ನನ್ನ ಚಿತ್ರ ಇದೆ ಮಗಾ."

"ಅದು ಬೇರೆಯವರು ಹಾಕಿದ್ದು. ಖಾನೆ ಇಲ್ಲದವರಿಗೆ ಕಿಟ್ಟು ಬಿಚ್ಚಿದ್ರೆ ನಾನು ಉತ್ತರ ಹೇಳ್ಬೇಕಾಗುತ್ತೆ."

"ಹಂಗಾದ್ರೆ ಡ್ರೈವರ್ ಅಂತ ಬರಿಯಪ್ಪ" ಎಂದಳು ತಬಾವಾ ಹಿಂದಿನಿಂದ. "ಇವನಿಗೆ ಕತ್ತೆ ಗಾಡಿ ಹೊಡೆಯೋಕೂ ಬರಲ್ಲ, ಆದ್ರೂ ಬರಿ. ಬರೆಯೋದೇ ಆದ್ರೆ ದೊಡ್ಡ ಲಾರೀನೇ ಬರಿ."

ಯುವಕ ಸಾಲಿನ ಉದ್ದ ನೋಡಿದ, ಮುದುಕನ ಮುಖ ನೋಡಿದ, ನಿಟ್ಟುಸಿರುಬಿಟ್ಟು ಬರೆದ. ಬರಾವು, ಲಾರಿ ಡ್ರೈವರ್. ತಬಾವಾಳ ಹೆಸರಿನ ಮುಂದೆ ಅವಳು ಕೇಳಿದ್ದನ್ನೇ ಬರೆಯುವಾಗ ಅವನ ಕಿವಿ ಕೆಂಪಾಯಿತು. ಎಷ್ಟೋ ಜನರಿಗೆ ಗೀರು ಹಾಕಿದ ಬರಾವು ತನ್ನ ಬೆರಳಿಗೆ ಸೂಜಿ ತಾಗುವಾಗ ಮಾತ್ರ ಮುಖ ತಿರುಗಿಸಿಕೊಂಡ. ಒಂದು ಹನಿ, ಕಡ್ಡಿಯಷ್ಟಗಲದ ಬಿಳಿ ಪಟ್ಟಿಯ ಮೇಲೆ. ಕಾಲು ಗಂಟೆ ಕಾಯಿರಿ ಎಂದರು.

ಕಾಲು ಗಂಟೆಯಾದ ಮೇಲೆ ತಬಾವಾಳ ಪಟ್ಟಿಯಲ್ಲಿ ಒಂದು ಗೆರೆ ಇತ್ತು. ಬರಾವುವಿನದರಲ್ಲಿ ಎರಡು.

"ಎರಡು ಅಂದ್ರೆ ಇದೆ ಅಂತ" ಎಂದ ಯುವಕ, ದನಿ ತಗ್ಗಿಸಿ. "ಬಹಳ ಜನಕ್ಕೆ ಇದು ಹಸುಗೂಸಾಗಿದ್ದಾಗಲೇ ಸೇರಿಬಿಡುತ್ತೆ. ನಲವತ್ತು ಐವತ್ತು ವರ್ಷ ಸುಮ್ಮನೆ ಕೂತಿರುತ್ತೆ, ನಿಮಗೂ ಹಂಗೇ ಇರಬಹುದು. ಲಿವರು ಎಷ್ಟು ಕೆಟ್ಟಿದೆ ಅಂತ ನೋಡೋಕೆ ಇನ್ನೊಂದು ಪರೀಕ್ಷೆ ಆಗ್ಬೇಕು. ಅದು ಕಾನೊ ಪಟ್ಟಣದ ದೊಡ್ಡಾಸ್ಪತ್ರೇಲಿ. ಹೆಸರು ಬರೆಸ್ತೀನಿ, ಮೂರು ತಿಂಗಳಾಗಬಹುದು. ಮಾತ್ರೆ ಇದೆ ಬಾಬಾ, ಹೆದರಬೇಡಿ. ನಿಮ್ಮ ರಕ್ತ ಬೇರೆ ಯಾರಿಗಾದ್ರೂ ತಾಗೋ ಹಂಗೆ ಏನಾದ್ರೂ...?"

ಬರಾವು ನಿಲುವಂಗಿಯ ಎಡತೋಳನ್ನು ಮೇಲೆ ಸರಿಸಿದ. ಮುಂಗೈ ಮೇಲೆ ರೋಮವೇ ಇರಲಿಲ್ಲ, ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಗೀರುಗಳ ಗುರುತು. ಮೊದಲು ಇಲ್ಲಿ, ಆಮೇಲೆ ಮಗುವಿಗೆ ಎಂದು ವಿವರಿಸಿದ. ಕೂಸಿಗೆ ನೋಯಬಾರದೆಂದು ಎಂದ.

ಯುವಕ ಪೆನ್ನು ಕೆಳಗಿಟ್ಟ. "ಎಷ್ಟು ಮಕ್ಕಳು?"

"ವಾರಕ್ಕೆ ಎರಡು, ಮೂರು. ಮೂವತ್ತೆಂಟು ವರ್ಷ."

ಸಾಲಿನಲ್ಲಿದ್ದವರು ಬೇಗ ಬೇಗ ಎಂದು ಕೂಗಿದರು. ಯುವಕ ಪೆನ್ನು ತೆಗೆದುಕೊಂಡ, ಎಲ್ಲಿ ಬರೆಯುವುದೆಂದು ತಿಳಿಯದೆ ಮತ್ತೆ ಇಟ್ಟ. "ಪ್ರತಿ ಗೀರಿಗೂ ಅಂಟುತ್ತೆ ಅಂತಲ್ಲ ಬಾಬಾ" ಎಂದ. ಅಷ್ಟೇ ಅವನಿಂದಾದದ್ದು. ಪುಸ್ತಕದ ಪ್ರಕಾರ ಆ ದಿನ ದೊರಾವಾ ಕಡೆಯ ಒಬ್ಬ ಲಾರಿ ಡ್ರೈವರಲ್ಲಿ ರೋಗ ಪತ್ತೆಯಾಗಿತ್ತು. ಡ್ರೈವರು ತಲೆ ಬೋಳಿಸಿದ ಮಕ್ಕಳನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಕತೆ ಹೇಳುವ ನನಗೆ ಸಿಟ್ಟು ಬರುವುದು ಇಲ್ಲಿ. ಆ ಹುಡುಗನ ಮೇಲಲ್ಲ, ಆ ಪುಸ್ತಕಕ್ಕೆ ಗೆರೆ ಎಳೆದವರ ಮೇಲೆ.

ಮನೆಗೆ ಬರುವ ದಾರಿಯಲ್ಲಿ ತಬಾವಾ ಒಂದು ತಮಾಷೆಯನ್ನೂ ಮಾಡಲಿಲ್ಲ. ಎರಡು ಗೆರೆ ನೋಡಿದ್ದಕ್ಕಿಂತ ಬರಾವುವಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿದರು. ಟಗರು ಕೊಯ್ದಾಗಿತ್ತು, ಶುಭಕ್ಕೆಂದು ಜಗಿಯುವ ಗೋರೊ ಕಾಯಿ ಹಂಚಿದ್ದಾಗಿತ್ತು. ಇಮಾಮರು ದುವಾ ಮಾಡಿ, ಮಗುವಿನ ಹೆಸರು ಬಿಲ್ಯಾಮಿನು ಎಂದು ಕೂಗಿ ಹೇಳಿದರು. ಮಗುವನ್ನು ಹೊರಗೆ ತಂದರು, ಬಟ್ಟಲಲ್ಲಿ ನೀರಿಟ್ಟರು. ಎಲ್ಲರೂ ಬರಾವುವಿನ ಮುಂಗೈಯನ್ನೇ ನೋಡುತ್ತಿದ್ದರು. ಆ ಒಂದು ಗೀರು ನೋಡದೆ ಅಲ್ಲಿ ಯಾರ ಮಗುವಿನ ನಾಮಕರಣವೂ ಆದದ್ದಿಲ್ಲ.

"ನಾನು ಮಾಡಲ್ಲ" ಎಂದ ಬರಾವು. "ನಮ್ಮ ಇರೋ ಮಾಡ್ತಾನೆ."

ಇರೋ ಅವನ ತಮ್ಮನ ಮಗ, ಅವನ ಹತ್ತಿರವೇ ಕಲಿತು ಈಗ ಬೇರೆ ಊರಲ್ಲಿ ಕಸುಬು ಮಾಡುವವನು. ಕಾಗದ ಬಿಚ್ಚದ ಹೊಸ ಬ್ಲೇಡು ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ವಯಸ್ಸಾಯ್ತಪ್ಪ, ಕೈ ನಡುಗುತ್ತೆ" ಎಂದು ಯಾರೋ ನಕ್ಕರು. "ಮೊಮ್ಮಗ ಅಂದ್ರೆ ಯಾರ ಕೈಯಾದ್ರೂ ನಡುಗುತ್ತೆ."

ತಪ್ಪಿಸಿಕೊಳ್ಳುವ ದಾರಿ ತಾನಾಗಿ ಒದಗಿ ಬಂದಿತ್ತು. ಹೌದು, ಕೈ ನಡುಗುತ್ತೆ ಎಂದಿದ್ದರೆ ಸಾಕಿತ್ತು, ಮಾನ ಉಳಿಯುತ್ತಿತ್ತು, ಊಟ ಮಾಡಿ ಹೋಗುತ್ತಿದ್ದರು. ಬರಾವು ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದ.

"ಕೈ ನಡುಗ್ತಿಲ್ಲ. ಗಂಬೋಗಿದ್ದ ರೋಗ ನನಗೂ ಇದೆ. ನಿನ್ನೆ ಗೊತ್ತಾಯ್ತು. ಎಷ್ಟು ವರ್ಷದಿಂದ ಇದೆಯೋ ದೇವರಿಗೇ ಗೊತ್ತು. ನನ್ನ ಕೈಮೇಲೆ ಎಳೆದ ಕತ್ತೀನೇ ನಿಮ್ಮ ಮಕ್ಕಳಿಗೂ ಮುಟ್ಟಿಸಿದೀನಿ. ನಿಮಗೂ ಮುಟ್ಟಿಸಿದೀನಿ. ಎಲ್ರೂ ಪರೀಕ್ಷೆ ಮಾಡಿಸ್ಕೊಳ್ಳಿ. ನನಗೆ ಗೊತ್ತಿರಲಿಲ್ಲ."

ಒಬ್ಬ ತನ್ನ ಪಕ್ಕದಲ್ಲಿದ್ದ ಮಗನ ಟೊಪ್ಪಿ ತೆಗೆದು ತಲೆ ನೋಡಿದ, ಅಲ್ಲೇನೋ ಕಾಣುತ್ತದೆ ಎನ್ನುವವನ ಹಾಗೆ. ನಾಲ್ಕೈದು ಮಂದಿ ಗೋರೊ ಕಾಯಿಯನ್ನು ಚಾಪೆಯ ಮೇಲೇ ಬಿಟ್ಟು ಎದ್ದರು. ಇಮಾಮರು ಮಾತ್ರ ಕೂತಲ್ಲಿಂದಲೇ ಕೇಳಿದರು.

"ಆ ಪರೀಕ್ಷೆ ಎಲ್ಲಿ ಮಾಡ್ತಾರೆ ಬರಾವು?"

"ಬಸುರಿಯರಿಗಾದ್ರೆ ಆಸ್ಪತ್ರೇಲಿ. ಡ್ರೈವರುಗಳಿಗಾದ್ರೆ ಲಾರಿ ನಿಲ್ದಾಣದಲ್ಲಿ" ಎಂದ ಬರಾವು. ಯಾರೂ ನಗಲಿಲ್ಲ.

ಇರೋ ಬ್ಲೇಡಿನ ಕಾಗದ ಬಿಚ್ಚಿದ. ಹುಟ್ಟುಗೂದಲು ನುಣ್ಣಗೆ ಬಂತು, ಕೂಸು ಎದ್ದೂ ಏಳದೆ ಒಮ್ಮೆ ಮುಖ ಹಿಂಡಿತು. ಬರಾವು ಗೋಡೆಗೊರಗಿ ನೋಡುತ್ತಿದ್ದ. ಊರಿಗೆ ಊರೇ ಇನ್ನು ತನ್ನ ಬಾಗಿಲು ತುಳಿಯುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಊರ ಮಕ್ಕಳನ್ನು ನೆನೆದರೆ ಅನ್ನ ಸೇರದು ಎಂಬುದೂ ತಿಳಿದಿತ್ತು. ಆದರೂ ಒಂದು ತಲೆ ಉಳಿಯಿತು. ಆ ವಾರದಲ್ಲಿ ಮೊದಲ ಬಾರಿಗೆ ಅವನ ಜೀವ ಹಗುರಾಯಿತು, ಕಣ್ಣಲ್ಲಿ ನೀರೂ ಬಂತು.

ಹೆಂಗಸರ ಕಡೆಯಿಂದ ನರ್ಸ್ ಲಾದಿದಿ ಹೊರಗೆ ಬಂದಳು. ತಬಾವಾ ಕರೆದಿದ್ದರಿಂದ ಬಂದವಳು, ಎಲ್ಲವನ್ನೂ ಬಾಗಿಲ ಮರೆಯಿಂದ ಕೇಳಿದ್ದಳು.

"ಒಳ್ಳೇದು ಮಾಡಿದ್ರಿ ಮಾಲಮ್" ಎಂದಳು. ಆಮೇಲೆ ಕೇಳಿದಳು, "ಲಂಟಾನಾ ಹೆತ್ತಿದ್ದು ಎಲ್ಲಿ?"

"ಇಲ್ಲೇ. ತಬಾವಾ ಇದ್ಲಲ್ಲ."

"ಬಸುರೀಲಿ ಒಂದು ಗುರುವಾರನಾದ್ರೂ ಬಂದಿದ್ಲಾ? ನನಗೆ ನೆನಪಿಲ್ಲ."

"ನಾನೇ ಬೇಡ ಅಂದೆ. ಮನೇಲೇ ಸೂಲಗಿತ್ತಿ ಇರುವಾಗ ಆ ದೂಳಲ್ಲಿ ಅಷ್ಟು ದೂರ ಯಾಕೆ ಅಂದೆ."

"ಅವಳ ನಾಮಕರಣದ ದಿನ ತಲೆ ಬೋಳಿಸಿದ್ದು ಯಾರು ಮಾಲಮ್?"

ಬರಾವು ಅವಳ ಮುಖ ನೋಡಿದ. ಅವತ್ತು ಈ ಅಂಗಳದಲ್ಲೇ, ಇದೇ ಚಾಪೆಯ ಮೇಲೆ, ತಾನೇ ಮಗುವಿನ ತಂದೆ, ತಾನೇ ವನ್ಜಾಮಿ. ಸ್ವಂತ ಮಗಳೆಂದು ಎರಡು ಸಲ ಕತ್ತಿ ಪರೀಕ್ಷಿಸಿದ್ದ.

"ತಾಯಿಗಿದ್ರೆ ಹೆರಿಗೆ ಹೊತ್ತಲ್ಲೇ ಮಗುಗೆ ಹೋಗಿಬಿಡಬಹುದು" ಎಂದಳು ಲಾದಿದಿ, ಅವನ ಕಣ್ಣು ತಪ್ಪಿಸುತ್ತ. "ಹುಟ್ಟಿದ ದಿನವೇ ಚುಚ್ಚುಮದ್ದು ಬಿದ್ದಿದ್ರೆ ಹೆಚ್ಚುಕಮ್ಮಿ ತಡೀಬಹುದಿತ್ತು. ಏಳು ದಿನ ಆಗಿಹೋಯ್ತು. ಆದ್ರೂ ಸೋಮವಾರ ಮಗೂನ ತನ್ನಿ, ಹಾಕ್ತೀನಿ. ಅವಳಿಗೆ ಇದೆಯೋ ಇಲ್ವೋ ಅದೂ ನಮಗೆ ಗೊತ್ತಿಲ್ಲ. ಇಲ್ದೇನೂ ಇರಬಹುದು."

"ಗುರುವಾರ ನಾನೇ ಕರ್ಕೊಂಡು ಬರ್ತೀನಿ" ಎಂದ ಬರಾವು. "ಕತ್ತಲಿರುವಾಗಲೇ ಬಂದು ಸಾಲಿನಲ್ಲಿ ಮೊದಲು ಕೂರಿಸ್ತೀನಿ. ಅವಳಿಗೆ ಮೊದಲು ಪರೀಕ್ಷೆ ಮಾಡು ತಾಯಿ. ಅವಳೊಬ್ಬಳಿಗೆ ಮಾಡು."

ಒಳಗೆ ತಬಾವಾ ಬಾಣಂತಿಗೆ ನೀರೆರೆಯುವ ಸದ್ದು ಕೇಳುತ್ತಿತ್ತು.

"ಅವಳೀಗ ಬಸುರಿಯಲ್ಲವಲ್ಲ ಮಾಲಮ್" ಎಂದಳು ಲಾದಿದಿ.